ಪುಟದ ಮೇಲಿನ ಜಡೆ

ಹಾಸಿಗೆ ಹಿಡಿದವರನ್ನು ಅವರ ಮನೆಯಲ್ಲೇ ಆರೈಕೆ ಮಾಡುವ ಆಂಧ್ರದ ಗಡಿಭಾಗದ ಕಲ್ಯಾಣದುರ್ಗದ ಒಂದು ಸಂಸ್ಥೆಗೆ ನಾನು ಹಿಂದೂಪುರದಲ್ಲಿ ಕೂತು ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಪುಟದ ಮೇಲ್ಭಾಗದಲ್ಲಿ ಸಿಬ್ಬಂದಿಯೆಲ್ಲ ಸಾಲಾಗಿ ನಿಂತ ಚಿತ್ರವಿತ್ತು. ನೋಡಲು ಅಚ್ಚುಕಟ್ಟಾಗಿತ್ತು. ಅದನ್ನು ನೋಡಿ ಫೋನ್ ಮಾಡುವವರು ಮಾತ್ರ ಇರಲಿಲ್ಲ.

ಏಕೆಂದು ತಿಳಿಯಲು ಒಂದು ಬೆಳಿಗ್ಗೆ ಆ ಸಂಸ್ಥೆಯ ನರ್ಸ್ ಅಕ್ಕನ ಜೊತೆ ಒಂದು ಮನೆಗೆ ಹೋದೆ. ಅಕ್ಕನನ್ನು ಅಲ್ಲಿಗೆ ಕರೆಸಿದ್ದು ಪಕ್ಕದ ಮನೆಯವರು. ತಾಯಿಯನ್ನು ಒಬ್ಬಳೇ ನೋಡಿಕೊಂಡು ಬಳಲಿದ್ದ ಮಗಳು ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ನಿಮ್ ವೆಬ್‌ಸೈಟ್ ಫೋನಲ್ಲಿ ನೋಡಿದ್ದೆ ಕಣಕ್ಕ. ಮದುವೆ ಫೋಟೋ ತರ ಎಲ್ರೂ ನಿಂತವ್ರೆ. ನಮ್ಮವ್ವನ್ನ ಮುಟ್ಟೋರು ಯಾರು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಫೋನ್ ಮಾಡ್ಲಿಲ್ಲ."

"ಮುಟ್ಟೋಳು ನಾನೇ ಕಣಮ್ಮ, ಒಂದು ಬಾಚಣಿಗೆ ಕೊಡು," ಎಂದು ಅಕ್ಕ ನಗುತ್ತಲೇ ಚಪ್ಪಲಿ ಬಿಟ್ಟರು.

ಅಜ್ಜಿಯನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಕೂದಲಿಗೆ ಎಣ್ಣೆ ಹಚ್ಚಿ, ನೋಯದಂತೆ ಸಿಕ್ಕು ಬಿಡಿಸಿ, ಸಣ್ಣದೊಂದು ಜಡೆ ಹೆಣೆದರು. ಮಗಳು ಅಷ್ಟು ಹೊತ್ತೂ ಕಣ್ಣು ಕೀಳದೆ ನೋಡುತ್ತಿದ್ದಳು. ಫೋಟೋ ತೆಗೆಯಬಹುದೇ ಎಂದು ನಾನು ಸಂಕೋಚದಿಂದ ಕೇಳಿದೆ.

"ಮುಖ ಬ್ಯಾಡ ಕಣಮ್ಮ," ಎಂದರು ಅಜ್ಜಿ. "ಜಡೆ ಬರ್ಲಿ. ಚೆನ್ನಾಗಿ ಹಾಕವ್ಳೆ."

ಹೊರಡುವಾಗ ಮಗಳು ಬೀದಿಯವರೆಗೂ ನಮ್ಮ ಜೊತೆ ಬಂದಳು. "ನಾಳೆನೂ ಬತ್ತೀರಾ ಅಕ್ಕ?" ಎಂದು ಕೇಳಿದಳು.

ಈಗ ಪುಟದ ಮೇಲಿರುವುದು ಆ ಬಿಳಿ ಜಡೆ, ಅದನ್ನು ಹಿಡಿದ ಕೈ, ಕೆಳಗೆ ಫೋನ್ ಮಾಡುವ ಬಟನ್. ನಡುವೆ ತೆಲುಗಿನಲ್ಲೂ ಕನ್ನಡದಲ್ಲೂ ಒಂದೇ ಸಾಲು ಬರೆದಿದ್ದೇನೆ: "ನಾಳೆಯೂ ಬರುತ್ತೇವೆ."