ಕಾಲುವೆಯ ಮೇಲೆ ಎದ್ದ ಮನೆಗಳು

ಕುಂದಾಣದ ಆಚೆಯ ಹಳ್ಳಿಯಲ್ಲಿ ಹುಟ್ಟಿದ ಪ್ರಮೋದಾ ಭೂಗೋಳ ಓದಿದವಳು. ಉಪಗ್ರಹ ತೆಗೆದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ನೆಲ ಹೇಗೆ ಬದಲಾಗಿದೆ ಎಂದು ಗುರುತಿಸುವುದು ಅವಳ ಕೆಲಸ. ಯಾವ ಹೊಲ ಲೇಔಟ್ ಆಯಿತು, ಯಾವ ಕೆರೆ ಕುಗ್ಗಿತು, ದೊಡ್ಡ ಮಳೆ ಬಂದರೆ ನೀರು ಯಾರ ಮನೆಗೆ ನುಗ್ಗುತ್ತದೆ ಎಂಬುದನ್ನೆಲ್ಲ ನಕ್ಷೆ ಮಾಡಿ ಮೇಲಿನವರಿಗೆ ಕೊಡಬೇಕು.

ಒಂದು ದಿನ ಅವಳ ಸ್ವಂತ ಊರೇ ಪರದೆಯ ಮೇಲೆ ಬಂತು. ಹಳೆಯ ಚಿತ್ರದಲ್ಲಿ ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯವರೆಗೆ ಹೊಂಗೆ ಮರಗಳ ನಡುವೆ ಕಾಲುವೆ ಹರಿದಿತ್ತು. ಹೊಸದರಲ್ಲಿ ಅದು ಅರ್ಧಕ್ಕೇ ನಿಂತಿತ್ತು. ಉಳಿದರ್ಧದ ಮೇಲೆ ತಾರಸಿಗಳ ಸಾಲು. ಅದು ಅವಳ ಅಣ್ಣ ಅನಿಲ್‌ಕುಮಾರ್ ಮಾಡಿ ಮಾರಿದ ಲೇಔಟ್.

ಭಾನುವಾರ ಊರಿಗೆ ಹೋದಳು.

"ಅಣ್ಣ, ಕಾಲುವೆ ಮುಚ್ಚಿಬಿಟ್ಟಿದ್ದೀಯ. ಕೋಡಿ ಬಿದ್ರೆ ನೀರು ಮನೆಗಳಿಗೇ ನುಗ್ಗುತ್ತೆ."

"ಆ ಕೆರೆ ತುಂಬಿದ್ದು ನೀನು ಯಾವತ್ತಾದ್ರೂ ನೋಡಿದ್ದೀಯಾ?" ಅನಿಲ್‌ಕುಮಾರ್ ನಕ್ಕ. "ಆಕಾಶದಿಂದ ನೋಡ್ಕೊಂಡು ನಮ್ಮೂರ ನೀರಿನ ವಿಷ್ಯ ನಂಗೆ ಹೇಳ್ಬೇಡ ಕಣಮ್ಮ."

ಅಲ್ಲಿಂದ ಲೇಔಟಿಗೇ ಹೋದಳು. ಮೊದಲ ಮನೆ ಗಂಗಲಕ್ಷ್ಮಮ್ಮನದು. ಅವಳು ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಿದ್ದಳು, ಗಂಡ ವೇಣುಗೋಪಾಲ್ ಆಟೋ ಓಡಿಸುತ್ತಿದ್ದ. ಪ್ರಮೋದಾ ಹೇಳಿದ್ದನ್ನೆಲ್ಲ ಅವಳು ಪೂರ್ತಿ ಕೇಳಿಸಿಕೊಂಡಳು.

"ಮಾರಿದ್ದು ನಿಮ್ಮಣ್ಣಾನೇ ಅಲ್ವೇನಮ್ಮ? ಇದನ್ನ ಮಾರೋವಾಗ್ಲೇ ಹೇಳಿದ್ರೆ ಆಗ್ತಿತ್ತು. ಈಗ ನಾವು ಎಲ್ಲಿಗೆ ಹೋಗೋಣ?"

ಪ್ರಮೋದಾ ಮರುದಿನವೇ ಕಚೇರಿಗೆ ಹೋದಳು. ಅಣ್ಣನ ಲೇಔಟನ್ನು ಕೆಂಪು ಬಣ್ಣದಲ್ಲಿ ಗುರುತಿಸಿ ನಕ್ಷೆ ಒಪ್ಪಿಸಿದಳು. ಮುಂದಿನ ಸಭೆಯಲ್ಲಿ ನೋಡೋಣ ಅಂದರು ಮೇಲಿನವರು. ಸಭೆ ಮುಂದಕ್ಕೆ ಹೋಗುತ್ತಲೇ ಇತ್ತು.

ಆ ವರ್ಷ ಮಳೆ ಬಿಡಲೇ ಇಲ್ಲ. ಒಂದು ಮಧ್ಯಾಹ್ನ ಮೇಲಿನ ಕೆರೆ ಕೋಡಿ ಬಿತ್ತು. ಸಭೆಗೆ ಬೇಡವಾಗಿದ್ದ ನಕ್ಷೆ ಆಗ ಎಲ್ಲರಿಗೂ ಬೇಕಾಯಿತು. ನೀರು ಮುಂದೆ ಯಾವ ಬೀದಿಗೆ ಹೋಗುತ್ತದೆ ಎಂದು ರಕ್ಷಣಾ ತಂಡದವರು ಫೋನಿನಲ್ಲಿ ಕೇಳಿದರು, ಅವಳು ಹೇಳುತ್ತಾ ಹೋದಳು. ಲೇಔಟಿನ ಕೆಳಗಿನ ಬೀದಿಯವರೆಲ್ಲ ನೀರು ಬರುವ ಮೊದಲೇ ಆಚೆ ಬಂದರು. ವೇಣುಗೋಪಾಲ್ ಕೂಡ ಬಂದಿದ್ದ. ಆದರೆ ಆಟೋ ತರುತ್ತೇನೆಂದು ವಾಪಸ್ಸು ಹೋದ. ಕಾಂಪೌಂಡ್ ಗೋಡೆ ಅವನ ಮೇಲೆ ಬಿತ್ತು.

ಸಾವಾದ ಮೇಲೆ ಆದೇಶ ಬರಲು ತಡವಾಗಲಿಲ್ಲ. ಕಾಲುವೆ ಬಿಡಿಸಬೇಕು, ಮೇಲೆ ಕಟ್ಟಿದ್ದನ್ನು ಒಡೆಯಬೇಕು. ಅಳತೆಗೆ ಪ್ರಮೋದಾಳ ನಕ್ಷೆಯೇ ಆಧಾರ. ಜೆಸಿಬಿ ಬಂದ ದಿನ ಗೆರೆ ತೋರಿಸಲು ನಕ್ಷೆ ಹಿಡಿದು ಅವಳೇ ನಿಲ್ಲಬೇಕಾಯಿತು. ಅನಿಲ್‌ಕುಮಾರ್ ಆ ಕಡೆ ಸುಳಿಯಲಿಲ್ಲ. ಅವನ ಹೆಸರಿನಲ್ಲಿ ಅಲ್ಲಿ ಒಂದಡಿ ನೆಲವೂ ಉಳಿದಿರಲಿಲ್ಲ. ಹೊಸಕೋಟೆಯ ಕಡೆ ಇನ್ನೊಂದು ಲೇಔಟ್ ಶುರುಮಾಡಿದ್ದ.

ಗಂಗಲಕ್ಷ್ಮಮ್ಮ ಪಾತ್ರೆಗಳನ್ನು ರಸ್ತೆಗೆ ತಂದಿಟ್ಟು ಪ್ರಮೋದಾಳ ಪಕ್ಕದಲ್ಲೇ ಬಂದು ನಿಂತಳು.

"ನಿಮ್ಮಣ್ಣನ ಮನೆ ಎಲ್ಲಿ ಬರುತ್ತಮ್ಮ, ಈ ಚಿತ್ರದಲ್ಲಿ?"

"ಅದು ದಿಣ್ಣೆ ಮೇಲಿದೆ ಅಕ್ಕ. ಅಲ್ಲಿಗೆ ನೀರು ಬರಲ್ಲ."

ಗಂಗಲಕ್ಷ್ಮಮ್ಮ ತಲೆಯಾಡಿಸಿದಳು. ಜೆಸಿಬಿ ಅವಳ ಅಡುಗೆಮನೆಯ ಗೋಡೆಗೆ ಕೈ ಹಾಕಿತು. ಅವಳು ದೇವನಹಳ್ಳಿಯ ಬಾಡಿಗೆ ಕೋಣೆಗೆ ಹೋದ ಮೇಲೆ ಪ್ರಮೋದಾ ಒಮ್ಮೆ ಹುಡುಕಿಕೊಂಡು ಹೋದಳು. ಒಳಗೆ ಟಿವಿ ಸದ್ದು ಕೇಳುತ್ತಿತ್ತು. ತಟ್ಟಿದರೂ ಬಾಗಿಲು ತೆರೆಯಲಿಲ್ಲ.

ಮರುವರ್ಷ ಅಷ್ಟೇ ಜೋರು ಮಳೆ ಬಂತು. ನೀರು ಕಾಲುವೆಯಲ್ಲೇ ಹರಿದು ಕೆಳಗಿನ ಕೆರೆ ಸೇರಿತು. ಯಾರ ಮನೆಗೂ ನುಗ್ಗಲಿಲ್ಲ. ಕಚೇರಿಯಲ್ಲಿ ಚಪ್ಪಾಳೆ ತಟ್ಟಿ ಅವಳಿಗೆ ಶಾಲು ಹೊದಿಸಿದರು. ಸಂಜೆ ಅಣ್ಣನ ಫೋನ್ ಬಂತು.

"ಕೆಳಗಿನ ಕೆರೆ ತುಂಬಿದ್ಮೇಲೆ ನಮ್ಮ ತೋಟದ ಬೋರಲ್ಲಿ ನೀರು ಹೆಂಗೆ ಬರ್ತಿದೆ ಗೊತ್ತಾ? ಒಳ್ಳೇ ಕೆಲ್ಸ ಮಾಡಿದೆ ಕಣಮ್ಮ."

ಅವನು ಇನ್ನೂ ಮಾತಾಡುತ್ತಿದ್ದ. ಪ್ರಮೋದಾ ಫೋನ್ ಇಟ್ಟುಬಿಟ್ಟಳು.