ಔರಾದದವರು ಮುಚ್ಚಗೊಡದ ಪುಸ್ತಕ

ನನ್ನ ಮೊದಲ ಕಾದಂಬರಿ ಧಾರವಾಡದಲ್ಲಿ ಅಚ್ಚಾಗಿ, ಗೋಣಿಚೀಲದಲ್ಲಿ ಹೊಲಿದ ಗಂಟಾಗಿ ಬೀದರಕ್ಕೆ ಬಂದಿಳಿದ ದಿನ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ. ಅದನ್ನು ಓದಬಲ್ಲವರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಪ್ರಶ್ನೆಯನ್ನು ಕೇಳಿದವಳು ನನ್ನ ಹೆಂಡತಿ. ಮನೆಯಲ್ಲಿ ಕನ್ನಡ ಮಾತಾಡುವವರಿಗೆ ನಮ್ಮಲ್ಲಿ ಬರವಿರಲಿಲ್ಲ. ಆದರೆ ನಿಜಾಮರ ಆಳ್ವಿಕೆಯಲ್ಲಿ ಮಕ್ಕಳು ಶಾಲೆಯಲ್ಲಿ ಕಲಿಯುತ್ತಿದ್ದದ್ದು ಉರ್ದು, ಅಂಗಡಿಕಾರರು ಬರೆಯುತ್ತಿದ್ದದ್ದು ಮರಾಠಿಯ ಮೋಡಿ ಲಿಪಿ. ಕನ್ನಡ ಅಕ್ಷರ ಬಲ್ಲವರೆಂದರೆ ಮಠದ ಅಯ್ಯನವರು, ಅವರ ಹತ್ತಿರ ಕಲಿತ ಕೆಲವರು, ಮತ್ತೆ ನನ್ನಂಥ ಹಟಮಾರಿಗಳು.

ನಾನು ಬೀದರದ ಶಾಲೆಯೊಂದರಲ್ಲಿ ಉರ್ದು ಕಲಿಸುತ್ತಿದ್ದೆ. ಆ ಭಾಷೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಹೈದರಾಬಾದಿನ ಮುದ್ರಕರೊಬ್ಬರು ನನ್ನ ಒಂದೆರಡು ಉರ್ದು ಕಥೆಗಳನ್ನು ಓದಿ ಮೆಚ್ಚಿ, ಮುಂದಿನ ಕಾದಂಬರಿಯನ್ನು ಉರ್ದುವಿನಲ್ಲಿ ಬರೆದುಕೊಟ್ಟರೆ ತಾವೇ ಅಚ್ಚು ಹಾಕುವುದಾಗಿ ಹೇಳಿ ಕಳಿಸಿದ್ದರು. ಅಲ್ಲಿ ಓದುವವರಿದ್ದರು. ಇಲ್ಲಿ ನನ್ನ ಗಂಟು ಅಟ್ಟದ ಮೇಲೆ ಇಲಿಗಳ ದಾರಿ ಕಾಯುತ್ತಿತ್ತು.

ಆ ಬೇಸಿಗೆಯ ರಜೆಯಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ. ಬೀದರ, ಭಾಲ್ಕಿ, ಔರಾದ, ಈ ಮೂರೂ ಊರಿಗೆ ಪುಸ್ತಕ ಹೊತ್ತುಕೊಂಡು ಹೋಗುವುದು, ಜನರ ಎದುರು ನಿಂತು ಮಾತಾಡುವುದು. ಈ ಕಥೆ ಒಬ್ಬರಿಗಾದರೂ ಬೇಕೆನಿಸಿದರೆ ಕನ್ನಡದಲ್ಲಿ ಇನ್ನೊಂದು ಬರೆಯುವುದು. ಇಲ್ಲದಿದ್ದರೆ ಕನ್ನಡದ ಲೇಖನಿಗೆ ಕೈಮುಗಿದು ಹೈದರಾಬಾದಿನವರಿಗೆ ಹೂಂ ಅನ್ನುವುದು. ಹೆಂಡತಿಗೂ ಹಾಗೆಯೇ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ, "ಔರಾದದ ತನಕಾ ಯಾಕ ಹೋಗ್ತೀರಿ, ನನಗೇ ಓದಿ ಹೇಳ್ರಿ" ಅಂದಳು. ನಾನು ಅದನ್ನು ತಮಾಷೆ ಎಂದುಕೊಂಡೆ.

ಬೀದರದ ಸಭೆ ದೊಡ್ಡ ಮನುಷ್ಯರ ಸಭೆ. ಶೇರವಾನಿ ತೊಟ್ಟ ವಕೀಲರು, ಪೇಟ ಸುತ್ತಿದ ಸಾವಕಾರರು, ಎಲ್ಲರಿಗೂ ಪಾನ, ಅತ್ತರು. ಅಧ್ಯಕ್ಷರು ನನ್ನನ್ನು ಹೊಗಳಲು ಎದ್ದವರು ತಮ್ಮ ಕಾಶಿಯಾತ್ರೆಯ ಕಡೆಗೆ ತಿರುಗಿ, ಅಲ್ಲಿಂದ ಮರಳಿ ಬರುವಷ್ಟರಲ್ಲಿ ಹೊತ್ತು ಮುಗಿದಿತ್ತು. ನನಗೆ ಮಾತಾಡಲು ಸಿಕ್ಕದ್ದು ಜನ ಚಪ್ಪಲಿ ಹುಡುಕುವ ವೇಳೆ. ಎಲ್ಲರೂ ಬೆನ್ನು ತಟ್ಟಿದರು. ಪುಸ್ತಕವನ್ನು ಕೈಗೆ ತೆಗೆದುಕೊಂಡು ತಿರುವಿ, ಕಾಗದ ಚೆನ್ನಾಗಿದೆ ಎಂದು ಹೇಳಿ ಮರಳಿ ಕೊಟ್ಟರು. ಒಬ್ಬರಂತೂ ಅದನ್ನು ತಲೆಕೆಳಗಾಗಿ ಹಿಡಿದು ಮೆಚ್ಚಿದರು.

ಭಾಲ್ಕಿಯಲ್ಲಿ ಸಭೆಯೇ ಆಗಲಿಲ್ಲ. ಆಗ ನಾಲ್ಕು ಜನ ಸೇರಿ ಭಾಷಣ ಕೇಳಬೇಕೆಂದರೂ ಸರ್ಕಾರದ ಅನುಮತಿ ಬೇಕಾಗಿತ್ತು, ಬೀದರದಲ್ಲಿ ಅದನ್ನು ವಕೀಲರೇ ತಂದಿದ್ದರು. ಅಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದ ನನ್ನ ಹೆಂಡತಿಯ ಸೋದರಮಾವ ಕಚೇರಿಗೆ ಅಲೆದರು. ಅಲ್ಲಿಯವರು ಪುಸ್ತಕದಲ್ಲಿ ಏನಿದೆ ಎಂದು ಕೇಳಿದರಂತೆ. ಹೆಣ್ಣುಮಗಳೊಬ್ಬಳ ಕಥೆ ಎಂದರೆ ನಂಬಲಿಲ್ಲ. ಅಷ್ಟಕ್ಕೇ ಯಾರಾದರೂ ಬೀದರದಿಂದ ಬರುತ್ತಾರೆಯೇ ಎಂದು ಅವರ ಸಂಶಯ. ಆ ಸಂಶಯ ನನಗೂ ಹುಟ್ಟಿತ್ತು.

ಅಂಗಡಿಯ ಗಾದಿಯ ಮೇಲೆ ಮುಖ ಗಂಟುಹಾಕಿಕೊಂಡು ಕೂತಿದ್ದ ನನಗೆ ಮಾವನೇ ದಾರಿ ತೋರಿಸಿದರು.

"ಅಳಿಯಂದ್ರ, ಭಾಷಣಕ್ಕ ಇಜಾಜತ್ ಬೇಕು. ಪುರಾಣಕ್ಕ ಯಾರ ಇಜಾಜತ್ ಬೇಕ್ರಿ? ಔರಾದದ ಮಠದಾಗ ದಿನಾ ಮಧ್ಯಾಹ್ನ ಪುರಾಣ ನಡೀತದ. ನಿಮ್ಮ ಪುಸ್ತಕಾನ ಅಲ್ಲಿ ಹಚ್ಚಿ ಬಿಡ್ರಿ."

"ಅದು ಪುರಾಣ ಅಲ್ರೀ ಮಾವಾ. ಕಾದಂಬರಿ."

"ಕೇಳೋರಿಗಿ ಅದೆಲ್ಲಾ ಎಲ್ಲಿಂದ ಗೊತ್ತಾಗ್ತದ?"

ಮರುದಿನ ಅವರ ಬಂಡಿಯಲ್ಲೇ ಹೊರಟೆವು. ದಾರಿಯುದ್ದಕ್ಕೂ ನನಗೆ ಒಳಗೊಳಗೇ ಕುದಿಯುತ್ತಿತ್ತು. ಹೊಸ ಕಾಲದ ಕಾದಂಬರಿ ಬರೆದವನು ನಾನು, ಮಠದಲ್ಲಿ ಪುರಾಣ ಹೇಳಲು ಹೋಗುವುದೆಂದರೆ ಏನರ್ಥ?

ಔರಾದದ ಮಠದ ಪಡಸಾಲೆಯಲ್ಲಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಹೆಂಗಸರ ಮಡಿಲಲ್ಲಿ ಹತ್ತಿ. ಪುರಾಣ ಕೇಳುತ್ತಾ ದೀಪದ ಬತ್ತಿ ಹೊಸೆಯುವುದು ಅವರ ರೂಢಿ. ಮಠದ ಅಯ್ಯನವರು ವಯಸ್ಸಾದವರು, ಮೆಲುದನಿಯವರು. ನನ್ನ ಪುಸ್ತಕ ಇಸಿದುಕೊಂಡು ಮರದ ವ್ಯಾಸಪೀಠದ ಮೇಲೆ ಇಟ್ಟು, ಹೊಸ ರಟ್ಟಿನ ಮೇಲೆ ಮೂರು ಬೆರಳು ವಿಭೂತಿ ಎಳೆದು, ಒಂದು ಬಿಲ್ವಪತ್ರೆ ಏರಿಸಿದರು. ರಟ್ಟು ಕೊಳೆಯಾಯಿತಲ್ಲ ಎಂದು ನನ್ನ ಜೀವ ಚುರ್ ಅಂದಿತು. ಆಮೇಲೆ ಅವರು ನನಗೆ ಕ್ರಮ ತಿಳಿಸಿದರು. ನಾನು ಓದಬೇಕು, ಅವರು ಅರ್ಥ ಹೇಳಬೇಕು. ಪುರಾಣವೆಂದರೆ ಇಬ್ಬರ ಕೆಲಸ.

"ಇದು ಕನ್ನಡದಾಗೇ ಅದ್ರೀ ಅಯ್ಯನವರ. ಅರ್ಥ ಹೇಳೋದು ಬೇಕಾಗಂಗಿಲ್ಲ" ಅಂದೆ.

"ಓದ್ರಿ, ನೋಡೋಣು" ಅಂದರು ಅವರು.

ಓದಿದೆ. ನನ್ನ ಕಥೆಯ ಹುಡುಗಿಯನ್ನು ಬಗದಲ್ ಊರಿಗೆ ಮದುವೆ ಮಾಡಿಕೊಟ್ಟಿದ್ದಾರೆ. ಗಂಡನ ಮನೆಯಲ್ಲಿ ಅವಳ ಮೊದಲ ದಿನಗಳು. "ಅವಳ ಅಂತರಂಗದಲ್ಲಿ ಅವ್ಯಕ್ತವಾದ ವೇದನೆಯೊಂದು ತರಂಗಿತವಾಯಿತು" ಎಂದು ಬರೆದಿದ್ದೆ. ಆ ವಾಕ್ಯಕ್ಕಾಗಿ ಎರಡು ದಿನ ಒದ್ದಾಡಿದ್ದೆ. ಓದಿ ತಲೆಯೆತ್ತಿದರೆ ಎದುರಿಗೆ ಅಷ್ಟೂ ಮುಖಗಳು ಗೋಡೆಯಂತೆ ಸುಮ್ಮನಿದ್ದವು.

ಅಯ್ಯನವರು ಗಂಟಲು ಸರಿಮಾಡಿಕೊಂಡರು. "ಅಂದ್ರ, ಆಕಿಗಿ ಹೊಟ್ಟ್ಯಾಗ ಸಂಕಟ ಆಯ್ತು. ಅತ್ತಿ ಮುಂದ ಹೇಳಂಗಿಲ್ಲ, ಗಂಡನ ಮುಂದ ಹೇಳಂಗಿಲ್ಲ. ಒಲಿ ಮುಂದ ಕುಂತು, ಹೊಗಿ ನೆವ ಮಾಡ್ಕೊಂಡು ಅತ್ತಳು."

ಹೊಗೆ ನನ್ನ ಪುಸ್ತಕದಲ್ಲಿರಲಿಲ್ಲ. ಒಲೆಯೂ ಇರಲಿಲ್ಲ. ತಡೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಗಸರ ಕಡೆ ನೋಡಿದೆ. ಬತ್ತಿ ಹೊಸೆಯುವ ಕೈಗಳೆಲ್ಲ ನಿಂತಿದ್ದವು. ಒಬ್ಬಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು. ಬೀದರದ ಒಂದು ಕೋಣೆಯಲ್ಲಿ ಒಬ್ಬನೇ ಕೂತು ಕಟ್ಟಿದ ಹುಡುಗಿ ಇಲ್ಲಿ ಇವರ ನಡುವೆ ಬಂದು ಕೂತಿದ್ದಳು. ತೆರೆದ ಬಾಯಿ ಮುಚ್ಚಿಕೊಂಡು ಮುಂದಿನ ವಾಕ್ಯ ಓದಿದೆ.

ಆ ದಿನ ಅರ್ಧ ಕಥೆ ಆಯಿತು. ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂತೆಗೆಂದು ಬಂದ ಹಳ್ಳಿಯವರೂ ಮೂಟೆ ಪಕ್ಕಕ್ಕಿಟ್ಟು ಕೂತಿದ್ದರು. ಹಿಂದಿನ ದಿನ ಬಾರದವರಿಗೆ ಬಂದವರು ಕಥೆ ಹೇಳಿ ಒಪ್ಪಿಸುತ್ತಿದ್ದರು, ಅದೂ ನನ್ನೆದುರಿಗೇ, ನನ್ನನ್ನು ಒಂದು ಮಾತೂ ಕೇಳದೆ. ಇಂಥ ಹೆಮ್ಮೆ ನನಗೆ ಬೀದರದ ಹೊಗಳಿಕೆಯಲ್ಲಿ ಸಿಕ್ಕಿರಲಿಲ್ಲ.

ಕಥೆಯ ಕೊನೆ ಹೀಗೆ. ಹುಡುಗಿ ಅತ್ತೆಯ ಮನೆಯ ಕಾಟ ತಾಳಲಾರದೆ ತವರಿಗೆ ನಡೆದು ಬರುತ್ತಾಳೆ. ಹೇಳದೆ ಕೇಳದೆ ಬಂದಳೆಂದು ತಂದೆ ಬಾಗಿಲು ಹಾಕಿಕೊಳ್ಳುತ್ತಾನೆ. ಸಂಜೆಯಾಗುತ್ತದೆ. ಅವಳು ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಳೆ, ಬಾಗಿಲು ಮುಚ್ಚಿದೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಧಾರವಾಡದ ಗೆಳೆಯರು ಇಂಥ ಮುಕ್ತಾಯ ಕನ್ನಡಕ್ಕೇ ಹೊಸದು ಎಂದು ತಲೆದೂಗಿದ್ದರು. ನಾನು ಕೊನೆಯ ಸಾಲನ್ನು ನಿಧಾನವಾಗಿ, ಬೇಕಾದಷ್ಟು ಗಾಂಭೀರ್ಯದಿಂದ ಓದಿ ಪುಸ್ತಕ ಮುಚ್ಚಲು ಹೋದೆ.

ಅಯ್ಯನವರು ಪುಟದ ಮೇಲೆ ಕೈ ಇಟ್ಟರು. "ಮುಂದ ಓದ್ರಿ."

"ಮುಗೀತ್ರಿ."

"ಮುಗದಿಲ್ರಿ. ಹೆಣ್ಣಮಗಳು ಹೊರಗ ಕುಂತಾಳ."

ನಾನು ಕೊನೆಯ ಪುಟ ತಿರುವಿ ಬರಿಯ ರಟ್ಟು ತೋರಿಸಿದೆ. ಅವರು ನೋಡಿದರು, ಕೈ ತೆಗೆಯಲಿಲ್ಲ. ಆಗ ನನಗೆ ಅಲ್ಲಿಯ ಕಟ್ಟಳೆ ನೆನಪಿಗೆ ಬಂತು. ಚಿಕ್ಕಂದಿನಲ್ಲಿ ಕೇಳಿ ಮರೆತದ್ದು. ಪುರಾಣವನ್ನು ಕಷ್ಟದ ಘಟ್ಟದಲ್ಲಿ ನಿಲ್ಲಿಸುವಂತಿಲ್ಲ. ರಾಜ ಅಡವಿ ಪಾಲಾಗಿದ್ದರೆ ಊರು ಸೇರುವ ತನಕ ಓದಬೇಕು, ಮಗು ಕಳೆದಿದ್ದರೆ ಸಿಗುವ ತನಕ ಓದಬೇಕು. ಇಲ್ಲದಿದ್ದರೆ ಆ ಕಷ್ಟ ಕೇಳಿದವರ ಮನೆಗೆ ಬರುತ್ತದೆ. ಶುಭದ ಮಾತು ಬಂದ ಮೇಲೆಯೇ ಮಂಗಳಾರತಿ, ಆಮೇಲೆ ಪ್ರಸಾದ, ಆಮೇಲೆ ಮನೆ. ಇಲ್ಲಿ ಆರತಿಯ ತಟ್ಟೆ ಹಾಗೇ ಇತ್ತು. ಯಾರೂ ಏಳಲಿಲ್ಲ. ಹೊರಗೆ ದನಗಳು ಮನೆಗೆ ಮರಳುವ ಸದ್ದು ಕೇಳುತ್ತಿತ್ತು. ಹಾಲು ಕರೆಯುವ ಹೊತ್ತು, ಆದರೂ ಒಬ್ಬರೂ ಏಳಲಿಲ್ಲ.

"ಇದು ಪುರಾಣ ಅಲ್ರಿ" ಎಂದು ನಾನು ಸಿಡುಕಿದೆ. "ಜೀವನದಾಗ ಎಷ್ಟೋ ಬಾಗಿಲಾ ತೆರೆಯಂಗೇ ಇಲ್ಲ. ಅದನ್ನ ಹಂಗೇ ಬರದೀನಿ."

ಮಾವ ತಲೆ ತಗ್ಗಿಸಿದರು. ಹೆಂಗಸರ ಸಾಲಿನ ಮುಂದೆ ಕೂತಿದ್ದ ಮುದುಕಿಯೊಬ್ಬಳು ನನ್ನ ಮಾತನ್ನು ಅಲ್ಲಗಳೆಯಲಿಲ್ಲ. ಮೆಲ್ಲಗೆ ಕೇಳಿದಳು.

"ಖರೇ ಅದರೀ ಮಾಸ್ತರ್ರ. ಒಳಗ ಯಾರ್ಯಾರ್ ಅದಾರ?"

"ಆಕಿ ತಂದಿ. ತಾಯಿ."

"ತಾಯಿ ಏನ್ ಮಾಡ್ಲತ್ತಾಳ?"

ನನಗೆ ಗೊತ್ತಿರಲಿಲ್ಲ. ಕಥೆಯುದ್ದಕ್ಕೂ ಆ ಹುಡುಗಿಯ ಹಿಂದೆ ನಡೆದು, ಅವಳ ಜೊತೆ ಕಟ್ಟೆಯ ಮೇಲೆ ಕೂತು, ಮುಚ್ಚಿದ ಬಾಗಿಲನ್ನು ಎಷ್ಟು ಚೆಂದವಾಗಿ ಬಣ್ಣಿಸಿದ್ದೆ. ಬಾಗಿಲಿನ ಆಚೆಗೂ ಒಬ್ಬಳು ಇದ್ದಾಳೆ, ಅವಳಿಗೂ ಇದೇ ಸಂಜೆ ಆಗುತ್ತಿದೆ ಎನ್ನುವುದು ಹೊಳೆದೇ ಇರಲಿಲ್ಲ. ಪಡಸಾಲೆಯಲ್ಲಿ ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ, ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಬರೆದವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು.

"ಗಂಡನಿಗಿ ಅಂಜಿ ಸುಮ್ಮ ಕುಂತಾಳ" ಅಂದೆ.

"ಕುಂತಿರ್ತಾಳ" ಎಂದು ಮುದುಕಿ ಒಪ್ಪಿದಳು. "ಮತ್ತ?"

ಅಷ್ಟರಲ್ಲಿ ಮಠದ ಹೆಂಗಸೊಬ್ಬಳು ಒಳಗಿನಿಂದ ಹಣತೆ ಹಿಡಿದು ಬಂದಳು. ಗಾಳಿಗೆ ಆರದಂತೆ ಸೆರಗು ಅಡ್ಡ ಹಿಡಿದು, ಬಾಗಿಲು ದಾಟಿ, ಹೊರಗೋಡೆಯ ಗೂಡಿನಲ್ಲಿ ಅದನ್ನು ಇಟ್ಟಳು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಬಾಗಿಲ ಪಕ್ಕಕ್ಕೆ ಹೊರಗೆ ಅಂಥದೊಂದು ಗೂಡು ಇರುತ್ತದೆ, ಸಂಜೆ ಅಲ್ಲಿ ದೀಪ ಇಡಲೇಬೇಕು. ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಆ ಕ್ಷಣದಲ್ಲಿ ಮೊದಲ ಸಲ ನೋಡಿದೆ.

ಪುಸ್ತಕ ಬಿಟ್ಟು ಜನರ ಕಡೆ ತಿರುಗಿ ಹೇಳತೊಡಗಿದೆ. ಮನೆಯ ಮಾತಿನಲ್ಲೇ ಹೇಳಿದೆ, ಅಯ್ಯನವರು ಅರ್ಥ ಹೇಳುವ ಪ್ರಮೇಯವೇ ಬರಲಿಲ್ಲ.

"ದೀಪಾ ಹಚ್ಚೋ ಹೊತ್ತಾಯ್ತು. ತಾಯಿ ಎದ್ದಳು. ಗಂಡ ನೋಡಿದ, ಏನೂ ಅನ್ಲಿಲ್ಲ. ದೀಪಕ್ಕ ಯಾರು ಬ್ಯಾಡ ಅಂತಾರ? ಬತ್ತಿ ಹಾಕಿದಳು, ಎಣ್ಣಿ ಹಾಕಿದಳು, ಹಚ್ಚಿದಳು. ಗೂಡು ಹೊರಗ ಅದ. ದೀಪಾ ಇಡಬೇಕಂದ್ರ ಬಾಗಿಲಾ ತೆರೀಬೇಕು."

ಯಾರೋ ಉಸಿರು ಬಿಟ್ಟ ಸದ್ದು ಕೇಳಿಸಿತು. ಆಮೇಲೆ ಇಡೀ ಪಡಸಾಲೆ ಒಟ್ಟಿಗೇ ಉಸಿರು ಬಿಟ್ಟಿತು.

"ತೆರದಳು" ಅಂದೆ. "ದೀಪಾ ಗೂಡಿನಾಗ ಇಟ್ಟಳು. ಮಗಳ ಮಾರಿ ಮ್ಯಾಲ ಬೆಳಕ ಬಿತ್ತು. ತಾಯಿ ಒಳಗ ಹೋದಳು. ಬಾಗಿಲಾ ಹಾಕ್ಲಿಲ್ಲ."

ಹೆಂಗಸರು ಅಳುತ್ತಿದ್ದರು, ಕೆಲವು ಗಂಡಸರು ಕೂಡ. ಆ ದಿನ ನನ್ನ ಎದೆಯಲ್ಲಿ ತುಂಬಿಕೊಂಡದ್ದಕ್ಕೆ ಬೆರಗು ಎಂಬುದನ್ನು ಬಿಟ್ಟರೆ ಬೇರೆ ಹೆಸರು ಸಿಗುವುದಿಲ್ಲ. ಅಯ್ಯನವರನ್ನು ಬಿಟ್ಟರೆ ಇವರಲ್ಲಿ ಒಬ್ಬರೂ ನನ್ನ ಪುಸ್ತಕದ ಒಂದು ಅಕ್ಷರ ಓದಬಲ್ಲವರಲ್ಲ. ಆದರೆ ನಾನು ಬೀದಿಯಲ್ಲಿ ಬಿಟ್ಟು ಬಂದ ಹುಡುಗಿಯನ್ನು ಅಲ್ಲೇ ಬಿಟ್ಟು ಮನೆಗೆ ಹೋಗಲು ಇಷ್ಟು ಜನರಲ್ಲಿ ಒಬ್ಬರಿಗೂ ಮನಸ್ಸಾಗಿರಲಿಲ್ಲ. ಕಥೆಯೊಂದನ್ನು ಇಷ್ಟು ನಿಜವೆಂದು ಹಿಡಿಯುವವರನ್ನು ನಾನು ಎಲ್ಲಿಯೂ, ಬರೆಯುವವರ ನಡುವೆಯೂ ಕಂಡಿರಲಿಲ್ಲ.

ಮುದುಕಿ ಕಣ್ಣೊರೆಸಿಕೊಂಡಳು. "ಈಗ ಮುಚ್ಚರಿ" ಅಂದಳು.

ಅಯ್ಯನವರು ಕೈ ತೆಗೆದರು. ನಾನು ಪುಸ್ತಕ ಮುಚ್ಚಿದೆ. ಅಂದು ಹೆಂಗಸರು ಹೊಸೆದ ಬತ್ತಿಗಳಿಂದಲೇ ಆರತಿಯಾಯಿತು. ಪ್ರಸಾದ ಹಿಡಿದು ಮೆಟ್ಟಿಲು ಇಳಿಯುವಾಗ ಮುದುಕಿ ನನ್ನ ಪಕ್ಕಕ್ಕೆ ಬಂದು ನಿಂತಳು.

"ಮಾಸ್ತರ್ರ, ಮಗಳು ಒಳಗ ಹ್ವಾದ ಮ್ಯಾಲ ತಂದಿ ಏನಂದ?"

"ಅದು ನನಗ ಇನ್ನಾ ಗೊತ್ತಿಲ್ರೀ ಅವ್ವಾ" ಅಂದೆ.

"ಗೊತ್ತಾದ ಮ್ಯಾಲ ಬಂದು ಹೇಳ್ರಿ" ಎಂದು ಹೇಳಿ ಹಾಲು ಕರೆಯಲು ಹೊರಟಳು.

ಮರಳಿ ಬರುವಾಗ ಬಂಡಿಯಲ್ಲಿ ಮಾವ ಬಹಳ ಮಾತಾಡಿದರು, ನಾನು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ನಾನು ಆ ಮನೆಯೊಳಗಿದ್ದೆ. ಬೀದರಕ್ಕೆ ಬಂದವನು ಹೈದರಾಬಾದಿನ ಮುದ್ರಕರಿಗೆ ನಮಸ್ಕಾರ ತಿಳಿಸಿ, ಸದ್ಯಕ್ಕೆ ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಆ ತಂದೆ ಏನಂದ ಎಂದು ಹೇಳಬೇಕಾದದ್ದು ಔರಾದದವರಿಗೆ. ಅವರ ಮಾತಿನಲ್ಲೇ ಹೇಳಬೇಕು.

ಹೊಸ ಪುಸ್ತಕದ ಒಂದೊಂದು ಅಧ್ಯಾಯ ಬರೆದ ಹಾಗೆ ಹೆಂಡತಿಗೆ ಓದಿ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ ಕಡೆ ಉಳಿಸಿಕೊಂಡೆ, ನಿಲ್ಲಿಸದ ಕಡೆ ಹೊಡೆದುಹಾಕಿದೆ. ಅದು ಮುಗಿದಾಗ ಅಚ್ಚಿಗೆ ಕಳಿಸುವ ಮೊದಲು ಔರಾದಕ್ಕೆ ಹೋದೆ. ಅದೇ ಪಡಸಾಲೆ, ಅದೇ ವ್ಯಾಸಪೀಠ. ಅಯ್ಯನವರು ಹಾಳೆಗಳ ಮೇಲೆ ವಿಭೂತಿ ಎಳೆದಾಗ ಈ ಸಲ ನಾನು ಕೈಮುಗಿದೆ. ಮುದುಕಿ ಮುಂದಿನ ಸಾಲಿನಲ್ಲೇ ಇದ್ದಳು, ಮಡಿಲ ತುಂಬ ಹತ್ತಿ. ನಾನು ಓದಲು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದಳು.

"ಒಳಗ ಯಾರ್ಯಾರ್ ಅದಾರ, ಮದ್ಲ ಅದು ಹೇಳ್ರಿ. ಆಮ್ಯಾಲ ಓದ್ರಿ."

ನಾನು ಒಬ್ಬೊಬ್ಬರನ್ನಾಗಿ ಹೇಳಿದೆ. ಈ ಸಲ ನನಗೆ ಎಲ್ಲರೂ ಗೊತ್ತಿದ್ದರು.