ಕೆಂಪು ಸೊನ್ನೆಗಳ ನಕ್ಷೆ

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವಳು ಬಂದರೆ ಮೊದಲು ಹಾಲನ್ನು ಬೆರಳಿಗೆ ಹಚ್ಚಿ ನೋಡುವವನು, ಬಾಗಿಲಿಗೆ ಕೀಲಿ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಎಳೆದು ನೋಡುವವನು ನಾನು. ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾದ ಮೇಲಂತೂ ಈ ಬುದ್ಧಿಗೆ ಸಂಬಳವೇ ಸಿಗತೊಡಗಿತು. ಜನರ ಅರ್ಜಿಗಳಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸವಾಗಿತ್ತು. ಅದೇ ಕಣ್ಣಿನಿಂದ ನನಗಿದ್ದ ಒಬ್ಬರೇ ಸೈಕಲ್ ಜೊತೆಗಾರರನ್ನೂ ನೋಡಿದೆ, ಅವರನ್ನು ಕಳೆದುಕೊಂಡೆ. ಅಂಥ ಜೊತೆ ಮತ್ತೆ ಸಿಗಲಿಲ್ಲ.

ಅವರು ಒಂದು ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರು. ಎಪ್ಪತ್ತರ ದಶಕದ ಕೊನೆಯ ಮಾತು ಇದು. ಸೈಕಲ್ ಅಂಗಡಿಯೊಂದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ತಮ್ಮ ಚೈನನ್ನು ತಾವೇ ಕೂಡಿಸುತ್ತಿದ್ದಾಗ ಪರಿಚಯವಾಯಿತು. ಮಾತಿಗೆ ಮಾತು ಬೆಳೆದು ಮುಂದಿನ ಭಾನುವಾರ ಮಲಿಯಾಬಾದಿನ ಗುಡ್ಡಕ್ಕೆ ಹೋಗಿ ಕಲ್ಲಾನೆಗಳನ್ನು ನೋಡಿ ಬಂದೆವು. ಅಲ್ಲಿಂದ ಅದೇ ಗೀಳಾಯಿತು. ಒಂದು ವಾರ ಮಟಮಾರಿಯ ಕಡೆ, ಇನ್ನೊಂದು ವಾರ ಕಾಲುವೆಯ ದಂಡೆ ಹಿಡಿದು ಮಾನ್ವಿಯ ಕಡೆ, ಮೈಯಲ್ಲಿ ಹುರುಪಿದ್ದರೆ ಕಲ್ಮಲಾ, ಗಬ್ಬೂರು ದಾಟಿ ಗೂಗಲ್ ಊರಿನ ಕೃಷ್ಣಾ ಹೊಳೆಯವರೆಗೆ. ಹಾಳು ಗುಡಿ, ವೀರಗಲ್ಲು, ಗುಡ್ಡದ ಮೇಲಿನ ಮುರುಕು ಬುರುಜು, ಏನು ಕಂಡರೂ ಮಾಸ್ತರರು ಸೈಕಲ್ ನಿಲ್ಲಿಸಿ ಚಿತ್ರ ಬರೆಯುತ್ತಿದ್ದರು. ನಾನು ನೆರಳು ಹುಡುಕಿಕೊಂಡು ಬೀಡಿ ಹಚ್ಚುತ್ತಿದ್ದೆ.

ನಮ್ಮನ್ನು ಕಂಡರೆ ಹಳ್ಳಿಗಳಿಗೂ ಅನುಮಾನವೇ. ತುರ್ತು ಪರಿಸ್ಥಿತಿ ಆಗಷ್ಟೇ ಮುಗಿದಿತ್ತು. ಕೈಯಲ್ಲಿ ಪುಸ್ತಕ ಹಿಡಿದು ಸೈಕಲ್ ಮೇಲೆ ಬಂದ ಇಬ್ಬರು ಗಂಡಸರನ್ನು ನೋಡಿ ಮಕ್ಕಳಾಗದ ಆಪರೇಶನ್ ಮಾಡಿಸುವವರೆಂದು ಒಂದೂರಿನಲ್ಲಿ ಗಂಡಸರೆಲ್ಲ ಜೋಳದ ಹೊಲಕ್ಕೆ ನುಗ್ಗಿದ್ದರು. ಇನ್ನೊಂದೂರಿನಲ್ಲಿ ನಿಧಿ ಅಗೆಯುವವರೆಂದು ತಿಳಿದು ಗುಡಿಯ ಮುಂದೆ ಕಾವಲಿಗೆ ನಿಂತರು. ಆ ವರ್ಷ ನಮ್ಮ ಕಡೆ ಬಸವಣ್ಣನ ಕಲ್ಲುಗಳನ್ನು ಮಗುಚಿ ಬುಡ ಅಗೆದ ಸುದ್ದಿಗಳು ಇದ್ದೇ ಇದ್ದವು. ಮಾಸ್ತರರು ನಕ್ಕು ತಮ್ಮ ಚಿತ್ರಗಳನ್ನು ಬಿಚ್ಚಿ ತೋರಿಸಿದರು. ನಾನೂ ನಕ್ಕೆ. ಆದರೆ ನಿಧಿಯ ಮಾತು ಮಾತ್ರ ನನ್ನ ತಲೆಯೊಳಗೆ ಹುಳದಂತೆ ಹೊಕ್ಕಿತು.

ಯಾಕೆಂದರೆ ಮಾಸ್ತರರ ನಡೆಯಲ್ಲಿ ಕೆಲವು ಸಂಗತಿಗಳು ನನಗೆ ಸರಿ ಕಾಣುತ್ತಿರಲಿಲ್ಲ. ಗುಡಿಯ ಹೊರಗೋಡೆಯ ಮುಂದೆ ತಾಸುಗಟ್ಟಲೆ ಕೂರುವವರು ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಯಾರ ಮನೆಯ ಮುಂದೆಯೂ ನೀರು ಕೇಳುತ್ತಿರಲಿಲ್ಲ, ಹೆಗಲಿಗೆ ಸದಾ ತಮ್ಮದೇ ಬಾಟಲಿ. ನಮ್ಮ ಮನೆಗೂ ಮೊದಲನೆಯ ಭಾನುವಾರ ಒಮ್ಮೆ ಬಂದವರು, ನಾನು ಅಂಗಳದಲ್ಲಿ ಗಾಲಿಗೆ ಗಾಳಿ ತುಂಬುವಾಗ ಬಾಗಿಲಲ್ಲಿ ನನ್ನ ಅವ್ವನ ಜೊತೆ ಎರಡು ಮಾತಾಡಿ ನೀರು ಕುಡಿದವರು, ಮುಂದಿನ ವಾರದಿಂದ ಓಣಿಯ ಮೂಲೆಯ ಬೇವಿನ ಗಿಡದ ಹತ್ತಿರವೇ ನಿಂತು ಎರಡು ಸಲ ಗಂಟೆ ಬಾರಿಸುತ್ತಿದ್ದರು. ಒಳಗೆ ಬರಲು ಏನು ಧಾಡಿ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಗೂಗಲ್ಲಿನ ದಾರಿ. ಗಬ್ಬೂರು ಬಿಟ್ಟ ಮೇಲೆ ಒಂದೂರಿನ ನಡುವೆ ನೆಟ್ಟಗೆ ರಸ್ತೆ ಇತ್ತು. ಆ ಊರಿನ ಹೆಸರು ಬರೆಯಲು ಮನಸ್ಸಿಲ್ಲ. ಮಾಸ್ತರರು ಪ್ರತಿ ಸಲವೂ ಆ ಊರಿಗೆ ಎರಡು ಫರ್ಲಾಂಗ್ ಮೊದಲೇ ಬಂಡಿದಾರಿಗೆ ತಿರುಗಿಸುತ್ತಿದ್ದರು. ಮೂರು ಮೈಲಿ ಎರೆಮಣ್ಣು, ಜಾಲಿಯ ಮುಳ್ಳು. ಒಮ್ಮೆ ಆ ಊರಿನ ನಾಯಿಗಳು ಕೆಟ್ಟವು ಎಂದರು, ಇನ್ನೊಮ್ಮೆ ರಸ್ತೆ ಕಿತ್ತಿದೆ ಎಂದರು. ಹಾಗಂದ ದಿನವೇ ಬಸ್ಸೊಂದು ಅದೇ ರಸ್ತೆಯಿಂದ ಸಲೀಸಾಗಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಗೂಗಲ್ಲಿನಲ್ಲಿ ಅವರು ಕೃಷ್ಣೆಗಿಳಿದು ಸ್ನಾನ ಮಾಡುವಾಗ ನಾನು ಅವರ ಕೈಚೀಲಕ್ಕೆ ಕೈ ಹಾಕಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಾಕಿದ್ದು ನಿಜ. ಒಳಗೆ ನಾಲ್ಕು ಮಡಿಕೆಯ ಡ್ರಾಯಿಂಗ್ ಹಾಳೆ ಇತ್ತು. ನಾವು ತಿರುಗಿದ ದಾರಿಗಳ ನಕ್ಷೆ. ಗುಡ್ಡ, ಕಾಲುವೆ, ಬುರುಜು, ನಮ್ಮ ಓಣಿಯ ಬೇವಿನ ಗಿಡ, ಅದರ ಪಕ್ಕ ನಮ್ಮ ಮನೆ, ಎಲ್ಲ ಅಚ್ಚುಕಟ್ಟಾಗಿದ್ದವು. ಅಲ್ಲಲ್ಲಿ ಕೆಂಪು ಪೆನ್ಸಿಲಿನ ಸಣ್ಣ ಸೊನ್ನೆಗಳು. ಎಣಿಸಿದರೆ ಹನ್ನೊಂದು. ನಿಧಿಯ ಗುರುತುಗಳೇ ಸರಿ ಎಂದುಕೊಂಡೆ. ಮಾಸ್ತರರು ತಲೆ ಒರೆಸಿಕೊಳ್ಳುತ್ತ ಬಂದರು, ಹಾಳೆಯ ಮಡಿಕೆ ತಪ್ಪಿದ್ದನ್ನು ನೋಡಿದರು, ಸರಿಯಾಗಿ ಮಡಿಸಿ ಚೀಲಕ್ಕಿಟ್ಟರು.

ಮುಂದಿನ ಸಲ ನಾನು ಗಟ್ಟಿ ಮನಸ್ಸು ಮಾಡಿ ಹೊರಟಿದ್ದೆ. ಬಂಡಿದಾರಿ ಒಡೆಯುವಲ್ಲಿ ಕಾಲು ಊರಿ ನಿಂತೆ. ನನ್ನ ಚೈನು ಸಡಿಲಾಗಿದೆ, ಮಣ್ಣಲ್ಲಿ ತುಳಿಯಲು ಆಗುವುದಿಲ್ಲ, ಇವತ್ತು ಊರೊಳಗಿಂದಲೇ ಹೋಗೋಣ ಎಂದೆ. ಚೈನು ಸರಿಯಾಗಿಯೇ ಇತ್ತು. ಅವರು ಬಗ್ಗಿ ಅದನ್ನು ಬೆರಳಿನಿಂದ ಎತ್ತಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ಊರಲ್ಲಿ ಅಂಥದ್ದೇನು ಬಚ್ಚಿಟ್ಟಿದ್ದೀರಿ, ನಿಧಿಯೇ ಎಂದು ತಮಾಷೆಯ ದನಿಯಲ್ಲಿ ಕೇಳಿಯೂ ಬಿಟ್ಟೆ.

"ನಡೀರಿ. ನೀವು ಮುಂದ ಹೋಗ್ರಿ," ಅಂದರು.

ನಾನು ಮುಂದೆ ಹೋದೆ. ಬೆನ್ನ ಹಿಂದೆ ಏನು ಮಾಡುತ್ತಾರೋ ಎಂದು ಕಿವಿಯೆಲ್ಲ ಹಿಂದಕ್ಕೇ ಇತ್ತು. ಊರಿನ ಅಗಸಿಬಾಗಿಲಲ್ಲಿ, ಕಟ್ಟೆಯ ಮೇಲೆ ನಾಲ್ಕೈದು ಹಿರಿಯರು ಕುಳಿತಿದ್ದರು. ಬರ್ರಿ ಬರ್ರಿ ಎಂದು ಒಬ್ಬರು ಕರೆದು, ಯಾವೂರು, ಯಾರ ಪೈಕಿ ಎಂದು ವಿಚಾರಿಸಿದರು. ನಾನು ಸೀಟಿನ ಮೇಲೆ ಕುಳಿತೇ ಒಂದು ಕಾಲು ಊರಿ ನಮ್ಮ ಮನೆತನ ಹೇಳಿದೆ. ಅವರಿಗೆ ಸಮಾಧಾನವಾಯಿತು. ಬಿಸಿಲಲ್ಲಿ ಬಂದಿದ್ದೀರಿ ಎಂದು ನೀರು ತರಿಸಿದರು. ಆಗ ಹಿಂತಿರುಗಿ ನೋಡಿದೆ.

ಮಾಸ್ತರರು ಸೈಕಲ್ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಹ್ಯಾಂಡಲ್ಲಿಗೆ ಸಿಕ್ಕಿಸಿದ್ದರು. ಬಿಸಿಲಿಗೆ ತಲೆಗೆ ಸುತ್ತಿದ್ದ ವಲ್ಲಿ ಕಂಕುಳಿಗೆ ಬಂದಿತ್ತು. ಕಟ್ಟೆಯ ಮುಂದೆ ಬಂದಾಗ ಹಿರಿಯರೊಬ್ಬರು ಕಣ್ಣು ಕಿರಿದು ಮಾಡಿ ಕೇಳಿದರು, "ಯಾರಲೇ ಅವ? ನಮ್ಮ ಹೊಲದಾಗ ದುಡೀತಿದ್ದನಲ್ಲ, ಅವನ ಸಣ್ಣ ಮಗ ಅಲ್ಲೇನು?"

"ಹೌದ್ರೀ ಯಪ್ಪಾ," ಅಂದರು ಮಾಸ್ತರರು.

ಶಾಲೆಯಲ್ಲಿ ಮುನ್ನೂರು ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳುವ ಮನುಷ್ಯ. ಸೈಕಲ್ ಛಲೋ ಅದ ಬಿಡು ಎಂದು ಯಾರೋ ನಕ್ಕರು. ಅಷ್ಟರಲ್ಲಿ ಹಿತ್ತಾಳೆಯ ಚರಿಗೆ ನನ್ನ ಕೈಗೆ ಬಂತು. ಆಗ ನಾನು ಇಳಿಯಬಹುದಿತ್ತು. ಬೇಡ ಅನ್ನಬಹುದಿತ್ತು. ನನಗೆ ಬಾಯಾರಿತ್ತು, ಕುಡಿದೆ. ಮಾಸ್ತರರು ನಿಲ್ಲದೆ ಮುಂದೆ ನಡೆದಿದ್ದರು.

ಊರು ದಾಟಿದ ಮೇಲೆ ಒಂದು ಹುಣಸೆಗಿಡದ ಕೆಳಗೆ ಸಿಕ್ಕರು. ಚಪ್ಪಲಿ ಹಾಕಿಕೊಂಡು, ವಲ್ಲಿ ಸುತ್ತಿಕೊಂಡು ಕುಳಿತಿದ್ದರು. ಮೊದಲೇ ಹೇಳಬಾರದಿತ್ತೇ ಎಂದು ನಾನೇ ಅವರ ಮೇಲೆ ರೇಗಿದೆ. ಅವರು ಸಿಟ್ಟಾಗಲಿಲ್ಲ. ತನ್ನ ಅಣ್ಣ ಇನ್ನೂ ಅವರ ಹೊಲದಲ್ಲೇ ದುಡಿಯುತ್ತಾನೆ, ತಾನು ಸೈಕಲ್ ಮೇಲೆ ಕುಳಿತು ಊರು ದಾಟಿದರೆ ಸಂಜೆ ಅವನನ್ನು ಕರೆದು ಕೇಳುತ್ತಾರೆ, ಅದಕ್ಕೇ ಸುತ್ತುದಾರಿ ಎಂದು ಹೇಳಿದರು. ಆಮೇಲೆ ಚೀಲದಿಂದ ಹಾಳೆ ತೆಗೆದು ನನ್ನ ಕೈಗಿಟ್ಟರು.

"ನಿಧಿ ಕೇಳಿದ್ರಲ್ಲ, ನೋಡ್ಕೋರಿ. ಈ ಕೆಂಪು ಸೊನ್ನಿ ಇದ್ದಲ್ಲಿ ನಮ್ಮಿಬ್ಬರಿಗೂ ಒಂದಾ ನಮೂನಿ ಗ್ಲಾಸಿನ್ಯಾಗ ನೀರು ಕೊಡ್ತಾರ."

ಕಲ್ಮಲಾದ ಹತ್ತಿರ ದಖನಿ ಮಾತಾಡುವ ಮುದುಕನ ಚಹಾದಂಗಡಿ, ಮಟಮಾರಿಯ ಸ್ಟೇಷನ್ನಿನ ನಲ್ಲಿ, ಮಾನ್ವಿಯ ಬಸ್ ನಿಲ್ದಾಣದ ಹೋಟೆಲು. ಎಲ್ಲ ಕಡೆ ನಾವು ನಿಂತಿದ್ದೆವು. ಹಾಳೆಯ ಮೇಲೆ ಆಡುತ್ತ ನನ್ನ ಬೆರಳು ರಾಯಚೂರಿಗೆ ಬಂತು. ಬೇವಿನ ಗಿಡ ಇತ್ತು. ಅದರ ಪಕ್ಕ ನಮ್ಮ ಮನೆ ಇತ್ತು. ಸೊನ್ನೆ ಇರಲಿಲ್ಲ.

ಮಾಸ್ತರರು ಸೈಕಲ್ ಹತ್ತಿದರು. ಆ ದಿನ ಹೊಳೆಗೆ ಹೋಗದೆ ಬಂಡಿದಾರಿ ಹಿಡಿದು ವಾಪಸು ಬಂದೆವು.

ನಮ್ಮ ಅಂಗಳದ ಗೋಡೆಯ ಹೊರಗೂಡಿನಲ್ಲಿ ಅಲ್ಯೂಮಿನಿಯಮ್ಮಿನ ಒಂದು ಜರ್ಮನ್ ಗ್ಲಾಸು ಬೋರಲು ಹಾಕಿರುತ್ತಿತ್ತು. ದಿನಾ ಅದರ ಮುಂದೆಯೇ ಕಾಲು ತೊಳೆಯುತ್ತಿದ್ದೆ. ಅದು ಯಾಕೆ ಅಲ್ಲಿದೆ ಎಂದು ನನಗೆ, ಹಾಲಿಗೆ ಬೆರಳು ಹಚ್ಚಿ ನೋಡುವ ನನಗೆ, ಒಂದು ದಿನವೂ ಅನ್ನಿಸಿರಲಿಲ್ಲ. ಅವತ್ತು ಅವ್ವನಿಗೆ ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಆ ಮಾಸ್ತರಗ ಇಟ್ಟದ್ದು. ಯಾವ ಕೇರ್ಯಾವಪ್ಪಾ ಅಂದೆ, ಮುಚ್ಚುಮರಿ ಇಲ್ದ ಹೇಳಿದ. ಛಲೋ ಹುಡುಗ. ಒಂದ ಸಲ ಕುಡದ, ಮತ್ತ ಬರಲೇ ಇಲ್ಲ ನೋಡು."

ನಾನು ಗ್ಲಾಸನ್ನು ತೆಗೆದು ಹಿತ್ತಲಿಗೆ ಎಸೆದೆ. ಅವ್ವನಿಗೆ ಮಾತ್ರ ಏನೂ ಅನ್ನಲಿಲ್ಲ. ಮರುದಿನ ಗೂಡಿನಲ್ಲಿ ಅದೇ ಗ್ಲಾಸು ತೊಳೆದು ಬೋರಲು ಹಾಕಿತ್ತು.

ಮುಂದಿನ ಭಾನುವಾರ ಗಂಟೆ ಕೇಳುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಕೇಳಿತು, ಎರಡು ಸಲ. ಬೇವಿನ ಗಿಡದ ಹತ್ತಿರ ಓಡಿ ಹೋಗಿ, ಒಳಗೆ ಬಂದು ನೀರು ಕುಡಿದು ಹೋಗೋಣ ಬರ್ರಿ ಎಂದು ಕೈ ಹಿಡಿದೆ. ಅವರು ಬ್ರೇಕು ಹಿಡಿದು ನಿಂತೇ ಕೇಳಿದರು, "ನಿಮ್ಮವ್ವಗ ಕೇಳೀರೇನ್ರಿ?"

ಕೇಳಿರಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ಕೇಳ್ರಿ. ಕೇಳಿದ ಮ್ಯಾಲ ನಮ್ಮ ಮನಿ ಮುಂದ ಬಂದು ನೀವ ಗಂಟಿ ಹೊಡೀರಿ," ಎಂದು ಒಬ್ಬರೇ ಹೊರಟರು.

ಇವತ್ತು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದು ವರ್ಷಗಳು ಹೋದವು. ಅವರಿಗೆ ಮಾನ್ವಿಗೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಅವ್ವ ತೀರಿಕೊಂಡಳು. ದಿನಕರ್ಮಗಳು ಮುಗಿದ ಮೇಲೆ ಒಂದು ಭಾನುವಾರ ಸೈಕಲ್ಲಿಗೆ ಗಾಳಿ ತುಂಬಿಸಿ ಮಾನ್ವಿಗೆ ಹೊರಟೆ. ಮೈ ಮೊದಲಿನಂತೆ ಇರಲಿಲ್ಲ, ಎರಡು ಕಡೆ ಇಳಿದು ಕುಳಿತೆ. ಅವರ ಮನೆ ವಿಚಾರಿಸಿಕೊಂಡು ಹೋಗಿ ಬಾಗಿಲ ಮುಂದೆ ಎರಡು ಸಲ ಗಂಟೆ ಬಾರಿಸಿದೆ.

ಮಾಸ್ತರರೇ ಹೊರಗೆ ಬಂದರು. ಕೂದಲು ಅಲ್ಲಲ್ಲಿ ನರೆತಿತ್ತು. ಮುಖ ಅರಳಿತು.

"ಕೇಳಿದ್ರೇನ್ರಿ?" ಅಂದರು.

ಅವ್ವ ಹೋದಳು ಎಂದೆ. ಅವರು ಅಯ್ಯೋ ಎಂದರು. ನಿಜವಾಗಿಯೂ ನೊಂದರು ಎಂದು ಕಾಣುತ್ತಿತ್ತು. ಆಮೇಲೆ ಮೆಲ್ಲಗೆ, "ಅಂದ್ರ ಕೇಳಲಿಲ್ಲ," ಅಂದರು.

ಒಳಗೆ ಕರೆದು ಕುರ್ಚಿ ಹಾಕಿದರು. ಅವರ ಮನೆಯವರು ತಟ್ಟೆಯಲ್ಲಿ ಎರಡು ಸ್ಟೀಲಿನ ಗ್ಲಾಸು ನೀರು ತಂದಿಟ್ಟರು, ಎರಡೂ ಒಂದೇ ನಮೂನೆಯವು. ಮಾಸ್ತರರು ಒಂದನ್ನು ತಾವು ತೆಗೆದುಕೊಂಡು ಇನ್ನೊಂದನ್ನು ನನ್ನ ಕಡೆ ಸರಿಸಿದರು. ಇಪ್ಪತ್ತೆಂಟು ಮೈಲಿ ತುಳಿದು ಬಂದಿದ್ದೆ. ನನಗೆ ಬಾಯಾರಿತ್ತು, ಕುಡಿದೆ.